ನಿಮಗಿದು ಗೊತ್ತೇ? ಮೊದಲ ಗ್ಲಾಸಿನ ವಯಸ್ಸು

"ಅವನಿಗೆ ಕೆಪ್ಯಾಸಿಟಿ ಉಂಟು ಮಾರಾಯ್ರೇ, ಕ್ವಾರ್ಟರ್ ಇಳಿಸಿದರೂ ಕಾಲು ಅಲುಗುವುದಿಲ್ಲ!" ಬಂಟ್ವಾಳದ ಕಡೆಯ ಮದುವೆ ಮನೆಯ ಹಿತ್ತಿಲಲ್ಲಿ ಇಂಥ ಹೊಗಳಿಕೆ ಕೇಳದವರು ಕಡಿಮೆ. ಅಮೆರಿಕದ ಸ್ಯಾನ್ ಡಿಯೆಗೊದ ಮನೋವೈದ್ಯ ಮಾರ್ಕ್ ಶೂಕಿಟ್ ಇದೇ 'ಕೆಪ್ಯಾಸಿಟಿ'ಯನ್ನು ಅಳೆದು ನೋಡಿದರು. ಇಪ್ಪತ್ತರ ಆಸುಪಾಸಿನ ಯುವಕರಿಗೆ ಅಳತೆ ಮಾಡಿ ಮದ್ಯ ಕೊಟ್ಟರು. ಎಷ್ಟು ಅಮಲೇರಿತು ಎಂದು ಕೇಳಿದರು, ನಿಂತಲ್ಲಿ ಮೈ ಎಷ್ಟು ತೂಗುತ್ತದೆ ಎಂದೂ ನೋಡಿದರು. ಸುಮಾರು ಹತ್ತು ವರ್ಷ ಬಿಟ್ಟು ಅದೇ ಯುವಕರನ್ನು ಮತ್ತೆ ಹುಡುಕಿದರು. 1994ರಲ್ಲಿ ಫಲಿತಾಂಶ ಬಂತು. ಕುಡುಕ ತಂದೆಯ ಮಕ್ಕಳಲ್ಲಿ, ಅಂದು ಅಮಲು ಬಹಳ ಕಡಿಮೆ ಏರಿದ್ದವರ ಪೈಕಿ ಶೇ. 56 ಮಂದಿ ಮದ್ಯವ್ಯಸನಿಗಳಾಗಿದ್ದರು. ಬೇಗ ತಲೆ ತಿರುಗಿದ್ದವರಲ್ಲಿ ವ್ಯಸನಕ್ಕೆ ಬಿದ್ದವರು ಶೇ. 14 ಮಾತ್ರ. ಸಾಕು ಎಂದು ಮೈ ಹೇಳುವುದು ತಡವಾದಷ್ಟೂ ಕೈ ಇನ್ನೊಂದು ಗ್ಲಾಸಿಗೆ ಹೋಗುತ್ತದೆ. ಹಿತ್ತಿಲಲ್ಲಿ ಹೊಗಳಿಸಿಕೊಂಡವನ ಮೇಲೇ ಮನೆಯವರು ಹೆಚ್ಚು ಕಣ್ಣಿಡಬೇಕು.

*

15 ವರ್ಷ ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ 100ಕ್ಕೆ 40ರಷ್ಟು ಮಂದಿ ಬದುಕಿನ ಯಾವುದಾದರೂ ಹಂತದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಇದು 100ಕ್ಕೆ 10ರ ಆಸುಪಾಸು. 1997ರಲ್ಲಿ ಅಮೆರಿಕದ ಬ್ರಿಜೆಟ್ ಗ್ರಾಂಟ್ ಮತ್ತು ಡೆಬೊರಾ ಡಾಸನ್, ಕುಡಿಯುವ ಮತ್ತು ಹಿಂದೆ ಕುಡಿಯುತ್ತಿದ್ದ ಸುಮಾರು 27,600 ಮಂದಿಯ ಮಾಹಿತಿಯಿಂದ ತೆಗೆದ ಲೆಕ್ಕವಿದು. ಮೊದಲ ಗುಟುಕನ್ನು ಒಂದೊಂದು ವರ್ಷ ಮುಂದೆ ಹಾಕಿದಂತೆಲ್ಲ ವ್ಯಸನದ ಸಂಭವ ಶೇ. 14ರಷ್ಟು ಇಳಿಯುತ್ತಿತ್ತು.

*

ಆದರೆ ತಡೆಯಿರಿ. ಬೇಗ ಕುಡಿದದ್ದರಿಂದಲೇ ವ್ಯಸನ ಬಂತೋ, ವ್ಯಸನಕ್ಕೆ ಬೀಳುವ ಸ್ವಭಾವದ ಹುಡುಗರೇ ಬೇಗ ಕುಡಿದರೋ? ವರ್ಜೀನಿಯಾದ ಅವಳಿಗಳನ್ನು ಅಭ್ಯಸಿಸಿದ ಕರೋಲ್ ಪ್ರೆಸ್ಕಾಟ್ ಮತ್ತು ಕೆನೆತ್ ಕೆಂಡ್ಲರ್ 1999ರಲ್ಲಿ ಎರಡನೆಯದೇ ಸರಿ ಎಂದು ವಾದಿಸಿದರು. ಬೇಗ ಶುರುವಾಗುವ ಕುಡಿತ ಒಳಗಿನ ದುರ್ಬಲತೆಯ ಗುರುತು ಮಾತ್ರ ಎಂಬುದು ಅವರ ನಿಲುವು. ಜಗಳ ಇನ್ನೂ ತೀರಿಲ್ಲ. ನನಗನಿಸುವುದು, ಮನೆಯವರಿಗೆ ಈ ಜಗಳದಿಂದ ಆಗಬೇಕಾದ್ದು ಏನೂ ಇಲ್ಲ. ಕಾರಣವೇ ಇರಲಿ, ಗುರುತೇ ಇರಲಿ, ಹದಿನಾಲ್ಕರ ಹುಡುಗನ ಬಾಯಲ್ಲಿ ಬಿಯರಿನ ವಾಸನೆ ಬಂದರೆ ವಿಚಾರಿಸಲೇಬೇಕು.

*

ಕರ್ನಾಟಕದ್ದೇ ಲೆಕ್ಕ ಬೇಕೇ? 1920ರ ದಶಕದಲ್ಲಿ ಹುಟ್ಟಿದವರು ನಮ್ಮ ರಾಜ್ಯದಲ್ಲಿ ಮೊದಲ ಸಲ ಕುಡಿದದ್ದು ಸರಾಸರಿ 28ನೇ ವಯಸ್ಸಿನಲ್ಲಿ. 1980ರ ದಶಕದಲ್ಲಿ ಹುಟ್ಟಿದವರು 20ಕ್ಕೇ ಆ ಕೆಲಸ ಮುಗಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ದಾಖಲಿಸಿದ ಇಳಿತ ಇದು. ಅಜ್ಜ ಮದುವೆಯಾಗಿ, ಮಗು ಹುಟ್ಟಿ, ಬೇಸಾಯ ಕೈಗೆ ಬಂದ ಮೇಲೆ ಮುಟ್ಟಿದ್ದನ್ನು ಮೊಮ್ಮಗ ಡಿಗ್ರಿ ಮುಗಿಯುವ ಮೊದಲೇ ಮುಟ್ಟಿದ.

*

ಅಜ್ಜಂದಿರ ಸಂಯಮಕ್ಕೆ ಕಾನೂನಿನ ಕೈಯೂ ಸ್ವಲ್ಪ ಇದ್ದಿರಬೇಕು. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯದಲ್ಲಿತ್ತು. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರು ಮಾಡಿದ ಪಾನನಿಷೇಧ 1948ರ ಹೊತ್ತಿಗೆ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಗೂ ಬಂದಿತ್ತು. 1930ರಲ್ಲಿ ಹುಟ್ಟಿದ ಬಂಟ್ವಾಳದ ಹುಡುಗನಿಗೆ ಹದಿನೆಂಟು ತುಂಬುವಾಗ ಊರಿನ ಗಡಂಗಿಗೆ ಬೀಗ ಬಿದ್ದಿತ್ತು! ಕದ್ದು ಇಳಿಸುವವರು, ಗುಡ್ಡದ ಬದಿಯಲ್ಲಿ ಭಟ್ಟಿ ಇಡುವವರು ಇದ್ದೇ ಇದ್ದರು. ಆದರೂ ಕದ್ದು ಕುಡಿಯುವುದಕ್ಕೆ ಹದಿಹರೆಯದವನಿಗೆ ಇರುವ ದಾರಿ ಕಡಿಮೆ.

*

ಕರ್ನಾಟಕದಲ್ಲಿ ಎಷ್ಟು ವಯಸ್ಸಾದವರಿಗೆ ಮದ್ಯ ಮಾರಬಹುದು? 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ಲೈಸೆನ್ಸ್ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಬಿತ್ತು. ಜನ ವಿರೋಧಿಸಿದರು, ಸರಕಾರ ಕರಡನ್ನು ಹಿಂದಕ್ಕೆ ಪಡೆಯಿತು. ಈ ಮೂರು ವರ್ಷದ ಅಂತರ ವಕೀಲರಿಗೆ ಸಣ್ಣದು, ಮಿದುಳಿಗೆ ಅಲ್ಲ. ಮಿದುಳಿನ ಮುಂಭಾಗ, ಅಂದರೆ 'ಬೇಡ, ಸಾಕು' ಎನ್ನುವ ಭಾಗ, ಪೂರ್ತಿ ಬಲಿಯುವುದೇ ಇಪ್ಪತ್ತರ ದಶಕದ ನಡುವಿಗೆ.

*

ನಮ್ಮೂರುಗಳಲ್ಲಿ ಮೊದಲ ಗ್ಲಾಸು ಈಗ ಸಿಗುವುದು ಬಾರಿನಲ್ಲಿ ಅಲ್ಲ, ಮೆಹಂದಿಯಲ್ಲಿ. ಮದುವೆಯ ಹಿಂದಿನ ರಾತ್ರಿ ಮನೆಯಂಗಳದಲ್ಲಿ ಶಾಮಿಯಾನ, ಡಿ.ಜೆ., ಹೆಂಗಸರ ಕೈಗೆ ಗೋರಂಟಿ. ಹಿಂದೆ ಅಡಿಕೆ ತೋಟದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಒಂದು ಸುತ್ತು, ನಡುವೆ ಐಸಿನ ಡಬ್ಬಿ, ಕಾಗದದ ತಟ್ಟೆಯಲ್ಲಿ ಚಿಕನ್ ಸುಕ್ಕ. ಪಿ.ಯು.ಸಿ. ಹುಡುಗ ಕೋಕ್ ತಂದುಕೊಡಲು ಹೋದವನು ಅಲ್ಲೇ ಕುಳಿತುಬಿಡುತ್ತಾನೆ. ಹಾಕಿಕೊಡುವವರು ಹೊರಗಿನವರಲ್ಲ, ಸೋದರ ಮಾವನೋ ದೊಡ್ಡಪ್ಪನ ಮಗನೋ. ಇದನ್ನು ಕಂಡೇ ಜಿಲ್ಲೆಯ ಹಲವು ಸಮಾಜಗಳು ಮೆಹಂದಿಯಲ್ಲಿ ಮದ್ಯ ಬೇಡ ಎಂದು ಸಭೆಗಳಲ್ಲಿ ಚರ್ಚಿಸಿವೆ. ಚರ್ಚೆ ಮಾಡಿದವರ ಮನೆಯ ಮೆಹಂದಿ ಹೇಗಿತ್ತು ಎಂದು ಮಾತ್ರ ಕೇಳಬೇಡಿ.

*

ಹದಿಹರೆಯದ ಮಿದುಳಿಗೆ ಅಮಲಿನ ಲೆಕ್ಕವೇ ಬೇರೆ. ನ್ಯೂಯಾರ್ಕಿನ ಬಿಂಗ್‌ಹ್ಯಾಮ್ಟನ್‌ನಲ್ಲಿ ಲಿಂಡಾ ಸ್ಪಿಯರ್ ಎಳೆಯ ಇಲಿಗಳಿಗೂ ಬೆಳೆದ ಇಲಿಗಳಿಗೂ ಆಲ್ಕೋಹಾಲ್ ಕೊಟ್ಟು ವರ್ಷಗಟ್ಟಲೆ ನೋಡಿದರು. ಬೆಳೆದವು ಬೇಗ ತೂಕಡಿಸಿದವು, ಹೆಜ್ಜೆ ತಪ್ಪಿದವು. ಎಳೆಯವು ಅಷ್ಟೇ ಕುಡಿದರೂ ಎಚ್ಚರವಾಗಿ ಓಡಾಡಿಕೊಂಡಿದ್ದವು. ನೆನಪಿನ ಮಾತು ಬಂದಾಗ ತಿರುವುಮುರುವು: ಕಲಿತದ್ದನ್ನು ಮರೆಯುವುದರಲ್ಲಿ ಎಳೆಯ ಮಿದುಳೇ ಮುಂದು. ನಿದ್ದೆ ಬರುವುದಿಲ್ಲ, ಕಾಲು ಎಡವುವುದಿಲ್ಲ, ಹಾಗಾಗಿ ಹುಡುಗ ಕುಡಿಯುತ್ತಲೇ ಇರುತ್ತಾನೆ. ಪೆಟ್ಟು ಬೀಳುವುದು ನೆನಪಿನ ಕೋಣೆಗೆ. ಊರೂರಿನಿಂದ ಹಾಸ್ಟೆಲಿಗೆ ಬಂದ ಸಾವಿರಾರು ಹುಡುಗ ಹುಡುಗಿಯರು ಓದುವ ಮೂಡುಬಿದಿರೆಯಲ್ಲಿ ಈ ಸಂಗತಿಯನ್ನು ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಬಹುದು.

*

2000ರಲ್ಲಿ ಮೈಕೆಲ್ ಡಿ ಬೆಲ್ಲಿಸ್ ತಂಡ ಕುಡಿತಕ್ಕೆ ಬಿದ್ದ ಹದಿಹರೆಯದವರ ಮಿದುಳನ್ನು ಸ್ಕ್ಯಾನ್ ಮಾಡಿತು. ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಉಳಿದವರಿಗಿಂತ ಅವರಲ್ಲಿ ಚಿಕ್ಕದಿತ್ತು. ಕುಡಿತ ಎಷ್ಟು ಬೇಗ ಶುರುವಾಗಿತ್ತೋ ಅಷ್ಟು ಚಿಕ್ಕದು. ಪರೀಕ್ಷೆಗೆ ಸಿಕ್ಕವರು ಕೆಲವೇ ಮಂದಿ, ಅದನ್ನೂ ಹೇಳಬೇಕು.

*

ಕುಡುಕರೆಲ್ಲ ಒಂದೇ ಜಾತಿಯಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ದತ್ತು ಹೋದ ಮಕ್ಕಳ ದಾಖಲೆ ಹಿಡಿದು ರಾಬರ್ಟ್ ಕ್ಲೋನಿಂಜರ್ ತಂಡ 1981ರಲ್ಲಿ ಎರಡು ಬಗೆ ಗುರುತಿಸಿತು. ಮೊದಲ ಬಗೆಯವರು 25 ದಾಟಿದ ಮೇಲೆ ನಿಧಾನಕ್ಕೆ ಜಾರುವವರು. ಅಳುಕು, ಚಿಂತೆ, ಕುಡಿದ ಮೇಲೆ ಪಶ್ಚಾತ್ತಾಪ. ಎರಡನೆಯವರಿಗೆ 25ರ ಒಳಗೇ ಹಿಡಿಯುತ್ತದೆ. ಬಹುಪಾಲು ಗಂಡಸರು. ಹೊಸತರ ಹುಚ್ಚು, ಮುಂಗೋಪ, ಪೊಲೀಸು ಠಾಣೆಯ ಪರಿಚಯ. ತಂದೆಯಿಂದ ಮಗನಿಗೆ ಬಲವಾಗಿ ಇಳಿಯುವುದು ಈ ಎರಡನೆಯದು, ಮಗು ಬೇರೆ ಮನೆಯಲ್ಲಿ ಬೆಳೆದರೂ ಸರಿಯೇ. ಎಲ್ಲರೂ ಈ ಎರಡು ಡಬ್ಬಿಗಳಲ್ಲಿ ಹಿಡಿಸುವುದಿಲ್ಲ ಎಂದು ಆಮೇಲಿನವರು ತಕರಾರು ತೆಗೆದಿದ್ದಾರೆ. ಆದರೂ ನಮ್ಮ ಪರಿಚಯದವರನ್ನೇ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ನೋಡಿ. ಹೆಂಡತಿ ತೀರಿಕೊಂಡ ಮೇಲೆ ಬಾಟಲಿ ಹಿಡಿದ ನಿವೃತ್ತ ಮೇಷ್ಟ್ರು ಬೇರೆ, ಹತ್ತನೇ ಕ್ಲಾಸಿನಲ್ಲೇ ಶಾಲೆಯ ಹಿಂದಿನ ಗುಡ್ಡದಲ್ಲಿ ಸಿಕ್ಕಿಬಿದ್ದವನು ಬೇರೆ.

*

ಈ ಎರಡನೇ ಬಗೆಯವರ ಮಿದುಳಿನಲ್ಲಿ ಕೊರತೆಯಾಗಿ ಕಂಡ ರಾಸಾಯನಿಕ ಸೆರೊಟೋನಿನ್. 1980ರ ದಶಕದಲ್ಲಿ ಫಿನ್ಲೆಂಡಿನ ಮಾಟ್ಟಿ ವಿರ್ಕುನೆನ್ ಮತ್ತು ಮಾರ್ಕು ಲಿನ್ನೊಯ್ಲ ಹಿಂಸೆಯ ಅಪರಾಧಗಳಿಗೆ ಸಿಕ್ಕಿಬಿದ್ದ ಕುಡುಕರ ಬೆನ್ನುಹುರಿಯ ದ್ರವ ತೆಗೆದು ನೋಡಿದರು. ಹಿಂದುಮುಂದು ನೋಡದೆ ಕೈ ಎತ್ತುವ ಸ್ವಭಾವದವರಲ್ಲಿ ಸೆರೊಟೋನಿನ್ ಕರಗಿದ ಮೇಲೆ ಉಳಿಯುವ ಅಂಶ ಕಡಿಮೆ ಇತ್ತು. ಯೋಚಿಸಿ ಅಪರಾಧ ಮಾಡಿದವರಲ್ಲಿ ಹಾಗಿರಲಿಲ್ಲ.

*

ಇನ್ನು ಈ ಅಂಕಣದ ಅತಿ ವಿಚಿತ್ರ ಸಂಗತಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಾಂತಿ ನಿಲ್ಲಿಸಲು ಕೊಡುವ ಒಂಡಾನ್ಸೆಟ್ರಾನ್ ಮಾತ್ರೆ ಗೊತ್ತಿರಬಹುದು, ಮಕ್ಕಳ ವಾಂತಿಗೂ ಬರೆದುಕೊಡುತ್ತಾರೆ. ಅದು ಕೆಲಸ ಮಾಡುವುದು ಸೆರೊಟೋನಿನ್‌ನ ಒಂದು ಬಾಗಿಲನ್ನು ಮುಚ್ಚಿ. ಟೆಕ್ಸಾಸಿನಲ್ಲಿ ಬಂಕೋಲೆ ಜಾನ್ಸನ್ ಇದನ್ನೇ ಅತಿ ಸಣ್ಣ ಪ್ರಮಾಣದಲ್ಲಿ 271 ಮದ್ಯವ್ಯಸನಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ಹುಸಿ ಮಾತ್ರೆ. 2000ರಲ್ಲಿ ಫಲಿತಾಂಶ ಅಚ್ಚಾಯಿತು. 25ರ ಒಳಗೆ ವ್ಯಸನ ಶುರುವಾದವರಲ್ಲಿ ಕುಡಿತ ಚೆನ್ನಾಗಿ ಇಳಿದಿತ್ತು. 25ರ ನಂತರ ಶುರುವಾದವರಿಗೆ ಹುಸಿ ಮಾತ್ರೆಗೂ ಇದಕ್ಕೂ ವ್ಯತ್ಯಾಸವಿಲ್ಲ! ಕಾಯಿಲೆ ಒಂದೇ, ಔಷಧ ಒಂದೇ. ಯಾರಿಗೆ ನಾಟುತ್ತದೆ ಎಂದು ತೀರ್ಮಾನಿಸಿದ್ದು ಕಾಯಿಲೆ ಶುರುವಾದ ವಯಸ್ಸು. ಇದರರ್ಥ ಮೆಡಿಕಲ್ ಶಾಪಿಗೆ ಓಡಿ ವಾಂತಿಯ ಮಾತ್ರೆ ತನ್ನಿ ಎಂದಲ್ಲ. ಕುಡಿತ ಬಿಡಿಸುವ ಔಷಧವೆಂದು ಅದಕ್ಕೆ ಮಂಜೂರಾತಿ ಇಲ್ಲ, ಪ್ರಮಾಣ ತಪ್ಪಿದರೆ ಹೃದಯದ ಬಡಿತಕ್ಕೆ ತೊಂದರೆ. ವೈದ್ಯರು "ಮೊದಲ ಸಲ ಕುಡಿದದ್ದು ಎಷ್ಟನೇ ವಯಸ್ಸಿಗೆ? ಬಿಡಲಾಗದ ಹಾಗೆ ಆದದ್ದು ಯಾವಾಗ?" ಎಂದು ಕೆದಕಿ ಕೇಳಿದಾಗ, ಹಳೆಯ ಕತೆ ಇವರಿಗೇಕೆ ಎಂದು ಸಿಡುಕದಿದ್ದರೆ ಸಾಕು.

*

1984ರಲ್ಲಿ ಹೆನ್ರಿ ಬೆಗ್ಲೈಟರ್ 7ರಿಂದ 13 ವರ್ಷದ ಹುಡುಗರ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ಅಳೆದರು. ಯಾವ ಹುಡುಗನೂ ಒಂದು ಹನಿ ಕುಡಿದವನಲ್ಲ. ಆದರೂ ಕುಡುಕ ತಂದೆಯ ಮಕ್ಕಳಲ್ಲಿ ಪಿ-300 ಎಂಬ ಅಲೆ ಉಳಿದವರಿಗಿಂತ ಕುಗ್ಗಿತ್ತು. ಹೊಸ ಸಂಗತಿ ಎದುರಾದಾಗ ಸೆಕೆಂಡಿನ ಮೂರನೇ ಒಂದರಷ್ಟು ಹೊತ್ತಿನಲ್ಲಿ ಏಳುವ ಅಲೆ ಅದು.

ನಿಮ್ಹಾನ್ಸ್‌ನಲ್ಲೂ ಇದನ್ನು ನೋಡಿದ್ದಾರೆ. ಕುಟುಂಬದಲ್ಲಿ ಕುಡಿತದ ಭಾರ ಹೆಚ್ಚಿದಂತೆ ಗಂಡುಮಕ್ಕಳಲ್ಲಿ ಈ ಅಲೆ ತಗ್ಗುತ್ತಾ ಹೋಗುತ್ತದೆ ಎಂದು ಬೆನೆಗಲ್ ಮತ್ತು ಸಂಗಡಿಗರು 1995ರಲ್ಲಿ ಬರೆದರು. 2007ರಲ್ಲಿ ಅದೇ ತಂಡ ಇಂಥ ಮನೆಗಳ ಯುವಕರ ಮಿದುಳನ್ನು ಸ್ಕ್ಯಾನ್ ಮಾಡಿತು. ಕೆಲವು ಭಾಗಗಳಲ್ಲಿ ಬೂದು ಪದಾರ್ಥ ಕಡಿಮೆ, ಚಂಚಲತೆ ಮತ್ತು ಮುಂಗೋಪ ಹೆಚ್ಚಿದಷ್ಟೂ ಕಡಿಮೆ. ಶಾಲೆಯಲ್ಲಿ ಬೆಂಚಿನ ಮೇಲೆ ಐದು ನಿಮಿಷ ಕೂರಲಾರದ ಹುಡುಗನಿಗೆ ನಾಗರಬೆತ್ತ ತೋರಿಸುವ ಮೊದಲು ಮೇಷ್ಟ್ರು ಅವನ ಮನೆಯ ಸ್ಥಿತಿ ಕೇಳಿದರೆ ಒಳ್ಳೆಯದು.

*

ಅಪ್ಪ ಕುಡುಕನಾದರೆ ಮಗನೂ ಕುಡುಕನೇ? ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರೆ ವಂಶವಾಹಿಯ ಪಾಲು ಸುಮಾರು ಅರ್ಧ. ಉಳಿದರ್ಧ ಊರು, ಮನೆ, ಸಂಗ, ಸಂಬಳ, ಸಮಯ. ಅಮೆರಿಕದ ನೋರಾ ವೋಲ್ಕೋ 2006ರಲ್ಲಿ ಇನ್ನೊಂದು ಗುಂಪನ್ನು ನೋಡಿದರು: ಮನೆತುಂಬ ಕುಡುಕರಿದ್ದೂ ತಾವು ಬೀಳದೆ ಉಳಿದವರು. ಅವರ ಮಿದುಳಿನಲ್ಲಿ ಡೋಪಮಿನ್ ಹಿಡಿಯುವ ಡಿ-2 ಗ್ರಾಹಕಗಳು ಉಳಿದವರಿಗಿಂತ ಹೆಚ್ಚಿದ್ದವು. ಕಾಪಾಡುವ ಗುಣವೂ ಮಿದುಳಿನಲ್ಲಿ ಇರುತ್ತದೆ ಎಂದಾಯಿತು.

*

ಮೂಡುಬಿದಿರೆಗೆ ಜೈನಕಾಶಿ ಎಂದು ಹೆಸರು. 18 ಬಸದಿಗಳ ಊರು, ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಸಮಂತಭದ್ರರು ಹೇಳಿದ ಶ್ರಾವಕನ ಎಂಟು ಮೂಲಗುಣಗಳಲ್ಲಿ ಐದು ಅಣುವ್ರತಗಳ ಜೊತೆಗೆ ಬರುವುದು ಮದ್ಯ, ಮಾಂಸ, ಜೇನು ಈ ಮೂರರ ತ್ಯಾಗ. ಇಂಥ ಕಟ್ಟುಪಾಡು ವಂಶವಾಹಿಯನ್ನೂ ಕಟ್ಟಿಹಾಕಬಲ್ಲದೇ? 1999ರಲ್ಲಿ ನೆದರ್ಲೆಂಡ್ಸಿನ ಅವಳಿಗಳ ಅಧ್ಯಯನ ಒಂದು ಬೆರಗಿನ ಉತ್ತರ ಕೊಟ್ಟಿತು. ಧಾರ್ಮಿಕ ಮನೆಗಳಲ್ಲಿ ಬೆಳೆಯದ ಹುಡುಗಿಯರಲ್ಲಿ, ಕುಡಿಯಲು ಶುರು ಮಾಡುವುದರ ಮೇಲೆ ವಂಶವಾಹಿಯ ಪ್ರಭಾವ ಶೇ. 40. ಧಾರ್ಮಿಕವಾಗಿ ಬೆಳೆದ ಹುಡುಗಿಯರಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು. ಹುಡುಗರ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಿರಲಿಲ್ಲ.

*

ಗುಟುಕು ಇಳಿದ ಮೇಲೆ ಒಳಗೇನು ನಡೆಯುತ್ತದೆ? ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ವೇಗ ತಗ್ಗಿಸುತ್ತದೆ, ಗ್ಲುಟಮೇಟ್ ವೇಗ ಹೆಚ್ಚಿಸುತ್ತದೆ. ಆಲ್ಕೋಹಾಲ್ ಮೊದಲನೆಯದರ ಕೈ ಬಲಪಡಿಸಿ ಎರಡನೆಯದರ ಕೈ ಹಿಡಿಯುತ್ತದೆ. ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ, ಸರಿದೂಗಿಸಲು ಗ್ಲುಟಮೇಟ್ ಕಡೆಯನ್ನು ಬೆಳೆಸಿಕೊಳ್ಳುತ್ತದೆ. ಚಾರ್ಮಾಡಿ ಘಾಟಿ ಇಳಿಯುವ ಡ್ರೈವರು ಒಂದು ಕಾಲಲ್ಲಿ ಬ್ರೇಕನ್ನೂ ಇನ್ನೊಂದರಲ್ಲಿ ಆಕ್ಸಿಲರೇಟರನ್ನೂ ಒಟ್ಟಿಗೆ ಒತ್ತಿಕೊಂಡು ಹೇಗೋ ಬಸ್ಸು ನಡೆಸುತ್ತಿದ್ದಾನೆ ಎಂದುಕೊಳ್ಳಿ. ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೆ ಬ್ರೇಕಿನ ಕಾಲು ಎದ್ದಂತೆ. ಇನ್ನೊಂದು ಕಾಲು ಇದ್ದಲ್ಲೇ ಇದೆ.

ಅದಕ್ಕೇ ಬೆಳಗ್ಗೆ ಚಹಾ ಲೋಟ ಹಿಡಿದ ಕೈ ನಡುಗುವುದು, ಬೆವರುವುದು. ಕೊನೆಯ ಗುಟುಕಿನ ನಂತರ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಕಲಕುತ್ತದೆ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ಮಾತು ಕೇಳಿಸುತ್ತದೆ. ನಮ್ಮಲ್ಲಿ ಇದನ್ನು ಸೋಂಕು, ಉಪದ್ರ ಎಂದುಕೊಂಡು ಮಂತ್ರವಾದಿಯ ಹತ್ತಿರ ಒಯ್ದ ಮನೆಗಳಿವೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ.

*

ಕೊರೋನಾ ಲಾಕ್‌ಡೌನಿನಿಂದಾಗಿ 2020ರ ಮಾರ್ಚ್ ಕೊನೆಯಿಂದ ಮೇ 3ರವರೆಗೆ ಕರ್ನಾಟಕದಲ್ಲಿ ಒಂದು ಮದ್ಯದಂಗಡಿಯೂ ತೆರೆಯಲಿಲ್ಲ. ಊರೆಲ್ಲ ಜೋಕು ಹರಿದಾಡಿತು. ಆಸ್ಪತ್ರೆಗಳಲ್ಲಿ ಮಾತ್ರ ಫಿಟ್ಸ್ ಮತ್ತು ಸನ್ನಿಯ ರೋಗಿಗಳು ಹೆಚ್ಚಿದರು, ನಿಮ್ಹಾನ್ಸ್ ವೈದ್ಯರು ಇದನ್ನು ದಾಖಲಿಸಿದ್ದಾರೆ. ಪಕ್ಕದ ಕೇರಳ ಸರಕಾರ ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಲು ಆದೇಶವನ್ನೇ ಹೊರಡಿಸಿತು. ವೈದ್ಯರು ಸಿಟ್ಟಾದರು, ಹೈಕೋರ್ಟು ತಡೆಯಾಜ್ಞೆ ನೀಡಿತು.

*

ಬೆಳ್ತಂಗಡಿಯ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಎಂಟೇ ಏಕೆ ಎಂದು ಮಿದುಳಿನ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿದರೆ ಕುತೂಹಲ ಹುಟ್ಟುತ್ತದೆ. ನಡುಕ, ಬೆವರು, ನಿದ್ದೆಗೇಡು ತುತ್ತತುದಿಗೇರುವುದು ಎರಡನೇ, ಮೂರನೇ ದಿನ. ಐದು, ಆರನೇ ದಿನಕ್ಕೆ ಬಹುಪಾಲು ಮಂದಿಯ ಮೈ ತಹಬಂದಿಗೆ ಬರುತ್ತದೆ. ಉಳಿದ ದಿನಗಳಲ್ಲಿ ಹೇಳಿದ ಮಾತು ತಲೆಗೆ ಹೋಗುತ್ತದೆ, ಮನೆಯವರನ್ನು ಎದುರು ಕೂರಿಸಿ ಮಾತಾಡಿಸಬಹುದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಇದೇ ತಾಲೂಕಿನಲ್ಲಿ ಶುರು ಮಾಡಿದ್ದು. ಅದರ ಜೊತೆಗೆ ನಿಂತ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯ ಶಿಬಿರಗಳು ಸಾವಿರದ ಗಡಿ ದಾಟಿ ವರ್ಷಗಳಾದವು. ದೊಡ್ಡ ಆಸ್ಪತ್ರೆ ಬೇಡ, ಊರಿನ ಸಭಾಭವನವೋ ದೇವಸ್ಥಾನದ ಚಾವಡಿಯೋ ಸಾಕು. ವ್ಯಾಯಾಮ, ಭಜನೆ, ಸಲಹೆ, ಹೊತ್ತಿಗೆ ಊಟ. ತೀವ್ರ ನಡುಕದವರಿಗೆ ವೈದ್ಯರ ನೆರವು ಬೇಕೇ ಬೇಕು, ಭಜನೆಯಿಂದ ಫಿಟ್ಸ್ ನಿಲ್ಲುವುದಿಲ್ಲ. ಲಾಯಿಲದಲ್ಲಿ ವ್ಯಸನಮುಕ್ತಿ ಕೇಂದ್ರವೂ ಇದೆ.

*

ಶಿಬಿರದಿಂದ ಹೊರಬಂದವರು ಊರಲ್ಲಿ ನವಜೀವನ ಸಮಿತಿ ಸೇರುತ್ತಾರೆ. ನೂರು ದಿನ ಕುಡಿಯದೆ ಉಳಿದರೆ ಶತದಿನೋತ್ಸವ. ನೂರನ್ನು ಯಾರು ಹೇಗೆ ಆರಿಸಿದರೋ, ವಿಜ್ಞಾನಕ್ಕೆ ಅದು ಚೆನ್ನಾಗಿ ಹೊಂದಿಕೊಂಡಿದೆ: ಬಿಟ್ಟವರಲ್ಲಿ ಅತಿ ಹೆಚ್ಚು ಮಂದಿ ಮರಳಿ ಜಾರುವುದು ಮೊದಲ ಮೂರು ತಿಂಗಳಲ್ಲೇ. ಕುಗ್ಗಿದ್ದ ಮಿದುಳು ತುಸುವಾದರೂ ತುಂಬಿಕೊಳ್ಳಲು ಶುರುವಾಗುವುದೂ ಈ ವಾರಗಳಲ್ಲೇ.

*

ಬಿಟ್ಟವನಿಗೆ ಗಡಂಗಿನ ಎದುರು ಬಸ್ಸು ನಿಂತರೆ ಸಾಕು, ಬಾಯಿ ಒಣಗುತ್ತದೆ. ಡೋಪಮಿನ್ ಚಿಮ್ಮುವುದು ಸುಖ ಸಿಕ್ಕಾಗಲೇ ಆಗಬೇಕೆಂದಿಲ್ಲ, ಸಿಗುತ್ತದೆ ಎಂಬ ಸುಳಿವು ಸಿಕ್ಕಾಗಲೂ ಚಿಮ್ಮುತ್ತದೆ. ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಇದನ್ನು 1990ರ ದಶಕದಲ್ಲಿ ತೋರಿಸಿದರು. ಹಣ್ಣಿನ ರಸ ಬಾಯಿಗೆ ಬೀಳುವ ಮೊದಲೇ, ದೀಪ ಹೊತ್ತಿದ ಕ್ಷಣಕ್ಕೆ, ಜೀವಕೋಶ ಮಿಡಿಯುತ್ತಿತ್ತು.

*

ಹೊಸದಾಗಿ ಇಳಿಸಿದ ನೀರಾದಲ್ಲಿ ಅಮಲಿಲ್ಲ. ಮಡಕೆಯಲ್ಲಿ ಮತ್ತು ಗಾಳಿಯಲ್ಲಿರುವ ಯೀಸ್ಟ್ ಅದರ ಸಕ್ಕರೆಯನ್ನು ತಿಂದು ಕೆಲವೇ ಗಂಟೆಗಳಲ್ಲಿ ಶೇ. 4ರಷ್ಟು ಆಲ್ಕೋಹಾಲ್ ಮಾಡುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಯೀಸ್ಟಿನ ಆಟ ನಿಲ್ಲುತ್ತದೆ, ನೀರಾ ನೀರಾ ಆಗಿಯೇ ಉಳಿಯುತ್ತದೆ. ಬೆಳಗ್ಗೆ ಸಂಜೆ ಮರವೇರುವ ಮೂರ್ತೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಮೂರ್ತೆ ಕುಲಕಸುಬಾಗಿದ್ದ ಬಿಲ್ಲವರು ಗುರುವೆಂದು ಒಪ್ಪಿಕೊಂಡದ್ದು ನಾರಾಯಣ ಗುರುಗಳನ್ನು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರು ಅವರೇ. ಮದ್ಯ ಮಾಡಬೇಡಿ, ಮಾರಬೇಡಿ, ಕುಡಿಯಬೇಡಿ ಎಂದದ್ದೂ ಅವರೇ. ಕಸುಬಿಗೇ ಕತ್ತರಿ ಹಾಕುವ ಮಾತನ್ನು ಕೇಳಿಯೂ ಜನ ಅವರನ್ನು ಬಿಡಲಿಲ್ಲ.

*

ಲೆಕ್ಕ ಹಾಕಿ. ಶೇ. 42.8ರ ವಿಸ್ಕಿ, ಬ್ರಾಂಡಿ 30 ಎಂ.ಎಲ್.ಗೆ ಸುಮಾರು 10 ಗ್ರಾಂ ಆಲ್ಕೋಹಾಲ್. 180ರ ಕ್ವಾರ್ಟರಿನಲ್ಲಿ 60 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ ದೊಡ್ಡ ಬಾಟಲಿಯಲ್ಲಿ 41 ಗ್ರಾಂ, "ಬಿಯರ್ ತಾನೇ" ಎನ್ನುವವರು ಗಮನಿಸಿ. ಶೇ. 5ರ ಕಳ್ಳು ಅರ್ಧ ಲೀಟರಿಗೆ 20 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತ ತಿಳಿಯಾಗುವಾಗ ಬೆಳಗಿನ ಐದೋ ಏಳೋ. ನಿಂಬೆಹಣ್ಣು, ತಣ್ಣೀರು, ಮಜ್ಜಿಗೆ ಯಾವುದೂ ಇದನ್ನು ಬೇಗ ಮಾಡುವುದಿಲ್ಲ.

*

ಮಳೆಗಾಲದ ಶೀತಕ್ಕೆ ಒಂದು ಮುಚ್ಚಳ ಬ್ರಾಂಡಿ? ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆನಿಸುತ್ತದೆ, ಒಳಗಿನ ಬಿಸಿ ಹೊರಗೆ ಸೋರುತ್ತದೆ. ಅಷ್ಟೇ.

*

1940ರ ದಶಕದಲ್ಲಿ ಡೆನ್ಮಾರ್ಕಿನ ಎರಿಕ್ ಯಾಕೊಬ್ಸನ್ ಮತ್ತು ಯೆನ್ಸ್ ಹಾಲ್ಡ್ ಜಂತುಹುಳಕ್ಕೆ ಔಷಧ ಹುಡುಕುತ್ತಾ ತಾವೇ ಒಂದು ಮಾತ್ರೆ ನುಂಗಿ ನೋಡುತ್ತಿದ್ದರು. ಪಾರ್ಟಿಯಲ್ಲಿ ಗ್ಲಾಸು ಹಿಡಿದ ಕೂಡಲೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಕರಿಕೆ. ಹುಳದ ಔಷಧ ಕುಡಿತದ ಔಷಧವಾಯಿತು, ಅದೇ ಡೈಸಲ್ಫಿರಾಮ್. ಆಲ್ಕೋಹಾಲ್ ಕರಗುವ ದಾರಿಯಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಮುಂದೆ ಹೋಗದಂತೆ ಅದು ತಡೆಯುತ್ತದೆ. "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು" ಎಂಬ ಚೀಟಿ ಬಸ್ಸಿನ ಸೀಟಿನ ಹಿಂದೆ, ಕರೆಂಟು ಕಂಬದ ಮೇಲೆ ಅಂಟಿಸಿರುವುದನ್ನು ನೋಡಿದ್ದೀರಲ್ಲ? ಇಂಥ ಔಷಧವನ್ನು ಸಾರಿಗೆ ಕಲಸಿ ಕೊಟ್ಟು, ಆತ ಅದರ ಮೇಲೆ ಎಂದಿನಂತೆ ಕುಡಿದರೆ ರಕ್ತದೊತ್ತಡ ಕುಸಿದು ಸಾವೂ ಬರಬಹುದು. ವೈದ್ಯರು ಇದನ್ನು ಕೊಡುವುದು ರೋಗಿ ಒಪ್ಪಿದ ಮೇಲೆ, ಎಲ್ಲವನ್ನೂ ತಿಳಿಸಿ.

*

ಡೈಸಲ್ಫಿರಾಮ್ ಹೆದರಿಸಿದರೆ ನಾಲ್ಟ್ರೆಕ್ಸೋನ್ ಕುಡಿತದ ಸೊಗಸನ್ನೇ ಕಸಿಯುತ್ತದೆ. ಗ್ಲಾಸಿನಿಂದ ಬರುವ ಹಿತದ ಒಂದು ಪಾಲು ಎಂಡಾರ್ಫಿನ್‌ನದು, ಈ ಮಾತ್ರೆ ಅದರ ಬಾಗಿಲು ಮುಚ್ಚುತ್ತದೆ. ಅಮೆರಿಕದಲ್ಲಿ ಇದಕ್ಕೆ 1994ರಲ್ಲಿ ಒಪ್ಪಿಗೆ ಸಿಕ್ಕಿತು, ನಮ್ಮಲ್ಲೂ ಸಿಗುತ್ತದೆ.

*

ಊಟ ಬಿಟ್ಟು ಕುಡಿಯುವವನ ಮಿದುಳಿಗೆ ಮೊದಲು ಕೊರತೆಯಾಗುವುದು ಬಿ-1 ಜೀವಸತ್ವ. ನಡಿಗೆ ಓಲಾಡುತ್ತದೆ, ಕಣ್ಣಿನ ಚಲನೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ನೋಡಿದವರು ಇನ್ನೂ ಇಳಿದಿಲ್ಲ ಎಂದುಕೊಳ್ಳುತ್ತಾರೆ. 1881ರಲ್ಲೇ ಕಾರ್ಲ್ ವೆರ್ನಿಕೆ ಬರೆದಿಟ್ಟ ಈ ಸ್ಥಿತಿಗೆ ಬೇಕಾದ್ದು ಬಿ-1 ಇಂಜೆಕ್ಷನ್. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇನ್ನಷ್ಟು ಕೆಡಬಹುದು.

*

ಹೆಂಗಸರು ಸಾಮಾನ್ಯವಾಗಿ ತಡವಾಗಿ ಶುರು ಮಾಡುತ್ತಾರೆ, ಆದರೆ ಮೊದಲ ಗ್ಲಾಸಿನಿಂದ ವ್ಯಸನದವರೆಗಿನ ದಾರಿಯನ್ನು ಗಂಡಸರಿಗಿಂತ ಬೇಗ ಮುಗಿಸುತ್ತಾರೆ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಕುಡಿತದ ಬಿಲ್ಲು ಕಟ್ಟುವವರಲ್ಲಿ ಮಾತ್ರ ಹೆಂಗಸರ ಪಾಲು ದೊಡ್ಡದು. ಗಂಡನ ಕೂಲಿ ಬಾಟಲಿಗೆ ಹೋದ ಮನೆಯಲ್ಲಿ ಅಕ್ಕಿ ಬರುವುದು ಬೀಡಿ ಕಟ್ಟಿದ ದುಡ್ಡಿನಿಂದ ಎಂಬುದು ಬಂಟ್ವಾಳದವರಿಗೆ ಹೊಸ ಸುದ್ದಿಯೇನಲ್ಲ.

*

ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಶೇ. 33ರ ಪ್ಯಾಕೆಟ್ ಹೋಯಿತು, ಶೇ. 42.8ರ ಅಗ್ಗದ ವಿಸ್ಕಿ ಉಳಿಯಿತು.

*

ಹದಿಹರೆಯದ ಕುಡಿತ ಇಳಿಯುವುದೇ ಇಲ್ಲ ಎನ್ನುವವರಿಗೆ ಐಸ್‌ಲೆಂಡ್. 1998ರಲ್ಲಿ ಅಲ್ಲಿಯ 15, 16 ವಯಸ್ಸಿನವರಲ್ಲಿ ಶೇ. 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತೇರಿದವರು. 2016ಕ್ಕೆ ಅದು ಶೇ. 5. ಮಾಡಿದ್ದೇನು? ಮಕ್ಕಳು ರಾತ್ರಿ ಹೊರಗಿರುವ ಹೊತ್ತಿಗೆ ಮಿತಿ, ಆಟಕ್ಕೂ ಸಂಗೀತಕ್ಕೂ ಸರಕಾರದ ದುಡ್ಡು, ಸಂಜೆ ಅಪ್ಪ ಅಮ್ಮನ ಜೊತೆಗೆ ಹೊತ್ತು. ನಮ್ಮಲ್ಲಿ ಯಕ್ಷಗಾನದ ತರಗತಿಗೆ, ಕಬಡ್ಡಿ ಅಂಕಣಕ್ಕೆ ಬರಗಾಲವಿಲ್ಲ. ಪಂದ್ಯ ಮುಗಿದ ರಾತ್ರಿ ಗೆದ್ದ ತಂಡಕ್ಕೆ ಹಿರಿಯರು ಕೊಡಿಸುವ 'ಟ್ರೀಟ್' ಒಂದಿದೆ, ಅದರ ಬಗ್ಗೆ ಯೋಚಿಸಬೇಕು.

*

ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿ ದೇಶದ ಏಳು ಕಡೆ 6ರಿಂದ 23 ವರ್ಷದ ಸುಮಾರು 9,000 ಮಂದಿಯನ್ನು ಅಭ್ಯಾಸಕ್ಕೆ ತೆಗೆದುಕೊಂಡಿವೆ. ಬೆಂಗಳೂರು, ಮೈಸೂರಿನ ಮಕ್ಕಳೂ ಅದರಲ್ಲಿದ್ದಾರೆ. ಯಾರು ವ್ಯಸನಕ್ಕೆ ಬೀಳುತ್ತಾರೆ, ಯಾರು ಉಳಿಯುತ್ತಾರೆ ಎಂದು ಬೀಳುವ ಮೊದಲೇ ತಿಳಿಯುವುದು ಅದರ ಉದ್ದೇಶ.

*

14416. ಇದು ಟೆಲಿ-ಮಾನಸ್ ಸಂಖ್ಯೆ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಇನ್ನೊಂದು ಸಂಖ್ಯೆ 14446. ಕರೆ ಮಾಡುವವರು ಕುಡಿಯುವವರೇ ಆಗಬೇಕೆಂದಿಲ್ಲ, ಹೆಂಡತಿ, ತಾಯಿ, ಮಗ ಯಾರೂ ಮಾಡಬಹುದು. ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಯಾವಾಗ ಕುಡಿದರು, ಫಿಟ್ಸ್ ಬಂದದ್ದುಂಟೇ, ಶುರುವಾದದ್ದು ಎಷ್ಟನೇ ವಯಸ್ಸಿಗೆ: ಈ ನಾಲ್ಕನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಾತು ಸಲೀಸು.